ಸಾಕುವುದು ಮತ್ತು ಸಾಕೆನ್ನುವುದು

 

ಇಂದಿನ ಚಿಂತನೆಗೆ ಒಂದು ಸಣ್ಣ ಪ್ರಶ್ನೆ. ಒಂದು ಜೀವವನ್ನು ಸಾಕುವುದು ಯಾವಾಗ ಮೈತ್ರಿಯಾಗುತ್ತದೆ, ಯಾವಾಗ ಬರೀ ಹಿಡಿದಿಟ್ಟುಕೊಳ್ಳುವುದಾಗುತ್ತದೆ? ಹಸು, ನಾಯಿ, ಗಿಳಿಗಳ ವಿಷಯದಲ್ಲಿ ಈ ಪ್ರಶ್ನೆಗೆ ನಮ್ಮ ಬಳಿ ಸಿದ್ಧ ಉತ್ತರಗಳಿವೆ. ಹಸು ಹಾಲು ಕೊಡುತ್ತದೆ, ನಾಯಿ ಮನೆ ಕಾಯುತ್ತದೆ, ಗಿಳಿಯನ್ನು ಪಂಜರದಲ್ಲಿಡಬಾರದು. ಸಿದ್ಧ ಉತ್ತರವೇ ಇಲ್ಲದ ಜೀವವೊಂದನ್ನು ಮುಂದಿಟ್ಟುಕೊಂಡರೆ ಯೋಚನೆ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಅದಕ್ಕೇ ಇವತ್ತು ಇರುವೆ.

ನಮ್ಮ ಬೇವು, ಹುಣಸೆಯ ಬುಡದಲ್ಲಿ, ಕಾಂಪೌಂಡಿನ ಸಂದಿಯಲ್ಲಿ ಓಡಾಡುವ ದೊಡ್ಡ ಕರಿ ಇರುವೆಯನ್ನು ಎಲ್ಲರೂ ಬಲ್ಲೆವು. ಅದೇ ಗೊದ್ದ. ನಮ್ಮ ಪಾವಗಡ ಸೀಮೆಯಲ್ಲಿ ತೆಲುಗು ಮಾತಾಡುವ ಮನೆಗಳವರು ಗಂಡುಚೀಮ ಎನ್ನುತ್ತಾರೆ. ಹೆಸರಿನಲ್ಲಿ ಗಂಡು ಇದ್ದರೂ ನೆಲದ ಮೇಲೆ ದುಡಿಯುತ್ತ ಕಾಣುವ ಗೊದ್ದಗಳೆಲ್ಲ ಹೆಣ್ಣೇ. ವಿಜ್ಞಾನದಲ್ಲಿ ಇದರ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. 1787ರಲ್ಲಿ ಫ್ಯಾಬ್ರೀಶಿಯಸ್ ಎಂಬ ಕೀಟವಿಜ್ಞಾನಿ ಇದನ್ನು ಮೊದಲು ದಾಖಲಿಸಿದ. ಈ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಕೆಲವು ಮರ ಕೊರೆದು ಗೂಡು ಮಾಡುವುದರಿಂದ ಇಡೀ ಕುಲಕ್ಕೆ ಬಡಗಿ ಇರುವೆ ಎಂಬ ಹೆಸರು ಬಂತು. ಕೊರೆದರೂ ಗೆದ್ದಲಿನಂತೆ ಮರವನ್ನು ತಿನ್ನುವುದಿಲ್ಲ. ನಮ್ಮ ಗೊದ್ದವಂತೂ ಹೆಚ್ಚಾಗಿ ಮಣ್ಣಿನಲ್ಲೇ ಮನೆ ಮಾಡುತ್ತದೆ.

ಇರುವೆ ಸಾಕುವುದು ಈಗ ಹಲವು ದೇಶಗಳಲ್ಲಿ ಒಂದು ಹವ್ಯಾಸ. ಮೊಬೈಲಿನಲ್ಲಿ ವಿಡಿಯೊ ನೋಡಿದ ನಮ್ಮ ಹಳ್ಳಿಯ ಮಕ್ಕಳಿಗೂ ಅದರ ಗಾಳಿ ತಾಗಿದೆ. ಹೊಸಬರಿಗೆ ಬಡಗಿ ಇರುವೆ ಒಳ್ಳೆಯದು ಎಂದು ಹೇಳುವುದುಂಟು. ಮೈ ದೊಡ್ಡದು, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಗಟ್ಟಿ ಜೀವ. ಚಳಿದೇಶದ ಇರುವೆಗಳಿಗೆ ಬೇಕಾದ ಚಳಿಗಾಲದ ನಿದ್ದೆ ಉಷ್ಣ ಸೀಮೆಯ ಈ ಇರುವೆಗೆ ಬೇಕಿಲ್ಲ. ಇಷ್ಟು ಕೇಳಿದರೆ ಸುಲಭ ಅನ್ನಿಸುತ್ತದೆ. ಕಷ್ಟ ಎಲ್ಲಿದೆ ಎಂದು ತಿಳಿಯಲು ಒಂದು ಗೂಡು ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು.

ಮಳೆ ಬಿದ್ದ ಮೇಲೆ ರೆಕ್ಕೆಯ ಹೆಣ್ಣು ಗಂಡುಗಳು ಗೂಡಿನಿಂದ ಮೇಲೇಳುತ್ತವೆ. ನಾವು ಈಸಲು ಎನ್ನುವ ಗೆದ್ದಲಿನ ರೆಕ್ಕೆಹುಳ ಬೇರೆ, ಇವು ಬೇರೆ. ಕೂಡಿದ ಮೇಲೆ ಗಂಡುಗಳ ಆಯುಸ್ಸು ಮುಗಿಯುತ್ತದೆ. ಹೆಣ್ಣು ನೆಲಕ್ಕಿಳಿದು ತನ್ನ ರೆಕ್ಕೆಗಳನ್ನು ತಾನೇ ಕಳಚಿಹಾಕುತ್ತದೆ. ಒಂದು ಸಣ್ಣ ಬಿಲ ತೋಡಿ, ಒಳಗೆ ಸೇರಿ, ಬಾಗಿಲು ಮುಚ್ಚಿಕೊಳ್ಳುತ್ತದೆ. ಇನ್ನು ಅದಕ್ಕೆ ಹೊರಗಿನ ಅನ್ನವಿಲ್ಲ. ಹಾರಲು ಬಳಸಿದ ಮಾಂಸಖಂಡಗಳು ಈಗ ಬೇಕಿಲ್ಲವಲ್ಲ, ಅವು ಕರಗಿ ಮಕ್ಕಳಿಗೆ ಆಹಾರವಾಗುತ್ತವೆ. ಮೊಟ್ಟೆ, ಮರಿಹುಳ, ರೇಷ್ಮೆಗೂಡಿನಂಥ ಕೋಶ, ಆಮೇಲೆ ಇರುವೆ. ನಾವು ಇರುವೆಯ ಮೊಟ್ಟೆ ಎಂದು ತೋರಿಸುವ ಬಿಳಿಯ ಉದ್ದುದ್ದ ಕಾಳು ನಿಜವಾಗಿ ಈ ಕೋಶ. ಬೆಚ್ಚಗಿನ ಜಾಗದಲ್ಲಿ ಇದಕ್ಕೆಲ್ಲ ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಮೊದಲ ಮಕ್ಕಳು ಸಣ್ಣ ಮೈಯವು. ಅವು ಬಾಗಿಲು ತೆರೆದು ಹೊರಗೆ ಹೋಗಿ ಅನ್ನ ತಂದ ಮೇಲೆಯೇ ತಾಯಿಯ ಉಪವಾಸ ಮುಗಿಯುವುದು.

ಸಾಕುವವರು ಈ ಕತ್ತಲೆಯ ಕೋಣೆಯನ್ನು ಗಾಜಿನಲ್ಲಿ ಮಾಡಿಕೊಡುತ್ತಾರೆ. ಒಂದು ಟೆಸ್ಟ್ ಟ್ಯೂಬ್, ನಮ್ಮ ವಿಜ್ಞಾನ ಪುಸ್ತಕದ ಮಾತಿನಲ್ಲಿ ಪ್ರನಾಳ. ಮೂರನೇ ಒಂದು ಭಾಗ ನೀರು. ನೀರಿಗೆ ತಾಗುವಂತೆ ಹತ್ತಿಯ ಬೆಣೆ. ಆ ಹತ್ತಿಯ ಈಚೆ ರಾಣಿ. ಬಾಯಿಗೆ ಇನ್ನೊಂದು ಒಣ ಹತ್ತಿ, ಗಾಳಿಯಾಡುವಷ್ಟು ಸಡಿಲ. ಮೇಲೆ ಒಂದು ಬಟ್ಟೆ ಸುತ್ತಿ ಅಲುಗಾಡದ, ಬಿಸಿಲು ಬೀಳದ ಕಡೆ ಇಡಬೇಕು. ಸಾಮಾನು ಇಷ್ಟೇ, ಖರ್ಚು ಇಲ್ಲವೆನ್ನುವಷ್ಟು. ಇದರ ನಂತರ ಮಾಡಬೇಕಾದ ಕೆಲಸ ಒಂದೇ: ಎರಡು ತಿಂಗಳು ಏನೂ ಮಾಡದೆ ಇರುವುದು.

ಹೊಸಬರು ಸೋಲುವುದು ಇಲ್ಲಿಯೇ. ಬೆಳಿಗ್ಗೆ ಒಮ್ಮೆ ಬಟ್ಟೆ ಸರಿಸಿ ನೋಡುತ್ತಾರೆ. ಸಂಜೆ ಸ್ನೇಹಿತರಿಗೆ ತೋರಿಸುತ್ತಾರೆ. ರಾತ್ರಿ ಟಾರ್ಚ್ ಹಾಕಿ ಮೊಟ್ಟೆ ಎಣಿಸುತ್ತಾರೆ. ಹಸಿದಿರಬಹುದೆಂದು ಸಕ್ಕರೆ ನೀರು ಹಾಕುತ್ತಾರೆ. ಬೆಳಕಿಗೆ, ಅಲುಗಾಟಕ್ಕೆ ಬೆದರಿದ ರಾಣಿ ತಾನಿಟ್ಟ ಮೊಟ್ಟೆಗಳನ್ನೇ ತಿಂದುಬಿಡುತ್ತದೆ. ಯಾರೂ ಅದಕ್ಕೆ ಕೇಡು ಬಗೆದಿರಲಿಲ್ಲ. ಪ್ರೀತಿಯಿಂದಲೇ ನೋಡಿದರು. ಕಡಲೆಕಾಯಿ ಗಿಡವನ್ನು ದಿನಕ್ಕೊಮ್ಮೆ ಕಿತ್ತು, ಬುಡದಲ್ಲಿ ಕಾಯಿ ಕಟ್ಟಿದೆಯೇ ಎಂದು ನೋಡಿ ಮತ್ತೆ ನೆಡುವ ರೈತನನ್ನು ನಾವು ಕಂಡಿಲ್ಲ. ಆದರೆ ಅಂಥ ತಾಯಿ ತಂದೆಯರನ್ನು ಕಂಡಿದ್ದೇವೆ, ಅಂಥ ಮೇಷ್ಟ್ರುಗಳನ್ನೂ ಕಂಡಿದ್ದೇವೆ.

ಈ ಎರಡು ತಿಂಗಳಿಗೆ ನಮ್ಮ ಧಮ್ಮದಲ್ಲಿ ಒಂದು ಹತ್ತಿರದ ಬಂಧುವಿದೆ, ವರ್ಷಾವಾಸ. ಅದು ಹೇಗೆ ಬಂತು ಎಂದು ವಿನಯಪಿಟಕದ ಮಹಾವಗ್ಗ ಹೇಳುತ್ತದೆ. ಭಗವಾನರು ರಾಜಗೃಹದ ವೇಳುವನದಲ್ಲಿದ್ದರು. ಮಳೆಗಾಲದಲ್ಲೂ ಭಿಕ್ಖುಗಳು ತಿರುಗಾಡುತ್ತಿದ್ದರು. ಜನ ಬೇಸರಪಟ್ಟರು. ಬೇರೆ ಪಂಥದವರು ಮಳೆಗಾಲದಲ್ಲಿ ಒಂದೆಡೆ ನಿಲ್ಲುತ್ತಾರೆ, ಹಕ್ಕಿಗಳೂ ಮರದಲ್ಲಿ ಗೂಡು ಕಟ್ಟಿ ಕೂರುತ್ತವೆ, ಈ ಶಾಕ್ಯಪುತ್ರರು ಮಾತ್ರ ಹಸಿರು ಹುಲ್ಲನ್ನೂ ಸಣ್ಣ ಜೀವಗಳನ್ನೂ ತುಳಿದು ನಡೆಯುತ್ತಾರಲ್ಲ ಎಂದರು. ಮಾತು ಭಗವಾನರಿಗೆ ತಲುಪಿತು. ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲಬೇಕೆಂಬ ನಿಯಮ ಹುಟ್ಟಿತು.

ಈ ಪರಿಹಾರವನ್ನು ಸ್ವಲ್ಪ ಗಮನಿಸೋಣ. ದಾರಿಯ ಹುಳಗಳನ್ನೆಲ್ಲ ಎತ್ತಿ ವಿಹಾರಕ್ಕೆ ತಂದು ಕಾಪಾಡಿ ಎಂದು ಭಗವಾನರು ಹೇಳಲಿಲ್ಲ. ನೀವು ನಡೆಯುವುದನ್ನು ನಿಲ್ಲಿಸಿ ಎಂದರು. ಜೀವವನ್ನು ಕಾಯಲು ಎರಡು ದಾರಿಗಳಿವೆ. ಒಂದು ಕೈ ಚಾಚುವುದು, ಇನ್ನೊಂದು ಕಾಲು ಹಿಂದೆಗೆಯುವುದು. ಮೊದಲನೆಯದರಲ್ಲಿ ನಾವು ಕಾಣಿಸುತ್ತೇವೆ, ಹೆಸರು ಬರುತ್ತದೆ. ಎರಡನೆಯದರಲ್ಲಿ ನಾವು ಕಾಣಿಸುವುದೇ ಇಲ್ಲ. ಅದಕ್ಕೇ ನಮಗೆ ಮೊದಲನೆಯದು ಹೆಚ್ಚು ಇಷ್ಟ. ರಾಣಿ ಇರುವೆಯೂ ಮಳೆಗಾಲದಲ್ಲಿ ಬಾಗಿಲು ಮುಚ್ಚಿ ಒಂದೆಡೆ ನಿಲ್ಲುತ್ತದೆ, ಅದು ಅದರ ವರ್ಷಾವಾಸ. ಸಾಕಲು ಹೊರಟವನೂ ಅದರ ಜೊತೆ ಒಂದು ವರ್ಷಾವಾಸ ಮಾಡಬೇಕು, ತನ್ನ ಕಣ್ಣಿಗೂ ಕೈಗೂ.

ಇಲ್ಲಿ ಒಂದು ಮಾತು ತೊಡಕು ಕೊಡುತ್ತದೆ. ಮೈತ್ರಿ, ಕರುಣೆ, ಮುದಿತಾ ಆದ ಮೇಲೆ ನಾಲ್ಕನೆಯ ಬ್ರಹ್ಮವಿಹಾರ ಉಪೇಕ್ಖಾ. ನಮ್ಮ ದಿನಬಳಕೆಯ ಕನ್ನಡದಲ್ಲಿ ಉಪೇಕ್ಷೆ ಎಂದರೆ ಅಲಕ್ಷ್ಯ. ಜ್ವರವನ್ನು ಉಪೇಕ್ಷಿಸಬೇಡಿ ಎನ್ನುತ್ತೇವೆ. ಪಾಲಿಯ ಉಪೇಕ್ಖಾ ಹಾಗಲ್ಲ. ಆ ಪದದ ಒಳಗೇ ನೋಡುವುದು ಎಂಬ ಅರ್ಥವಿದೆ, ಹತ್ತಿರದಲ್ಲಿದ್ದು, ಎಳೆದಾಡದೆ ನೋಡುವುದು. ಎರಡಕ್ಕೂ ಇರುವ ವ್ಯತ್ಯಾಸ ಪ್ರನಾಳದ ಮುಂದೆ ತಿಳಿಯುತ್ತದೆ. ವಾರಕ್ಕೊಮ್ಮೆ ಒಂದು ಕ್ಷಣ ಬಟ್ಟೆ ಸರಿಸಿ ನೀರಿದೆಯೇ, ಹತ್ತಿ ಬೂಷ್ಟು ಹಿಡಿದಿದೆಯೇ ಎಂದು ನೋಡಬೇಕು. ನೀರು ಮುಗಿದಿದ್ದರೆ ಸುಮ್ಮನಿರುವುದು ಅಲಕ್ಷ್ಯ. ನೀರಿದ್ದೂ ಮತ್ತೆ ಮತ್ತೆ ಬಟ್ಟೆ ಸರಿಸುವುದು ಆಸೆ. ನಡುವಿನ ದಾರಿ ಬಲು ಕಿರಿದು.

ಈಗ ಎದುರು ವಾದ. ಏಳನೇ ತರಗತಿಯ ಒಬ್ಬ ಹುಡುಗ ಮಳೆಯ ಮರುದಿನ ಜಾಮಿಟ್ರಿ ಬಾಕ್ಸಿನಲ್ಲಿ ರೆಕ್ಕೆ ಕಳಚಿದ ರಾಣಿಯೊಂದನ್ನು ತಂದಿದ್ದ. ಬೀದಿದೀಪದ ಕೆಳಗೆ ಸಿಕ್ಕಿತಂತೆ. ಸಾಕಲೇ ಎಂದು ಕೇಳಿದ. ನಾನು ಉತ್ತರಿಸುವ ಮೊದಲೇ ಅವನೇ ಒಂದು ಕಾರಣ ಕೊಟ್ಟ. “ಹೊರಗಿದ್ರೆ ಓತಿಕ್ಯಾತನೋ ಕಾಗೆನೋ ತಿಂದುಬಿಡ್ತಿತ್ತು ಮಿಸ್. ನಾನು ಉಳಿಸಿದೀನಿ.”

ಅವನ ಮಾತಿನಲ್ಲಿ ನಿಜವಿದೆ. ಹಾಗೆ ಹಾರಿದ ರಾಣಿಗಳಲ್ಲಿ ಹೆಚ್ಚಿನವು ಗೂಡು ಕಟ್ಟುವ ಮೊದಲೇ ಸಾಯುತ್ತವೆ. ಹಕ್ಕಿ, ಹಲ್ಲಿ, ಬೇರೆ ಇರುವೆಗಳಿಗೆ ಆಹಾರವಾಗುತ್ತವೆ. ಗಾಜಿನೊಳಗಿನ ರಾಣಿಗೆ ಆ ಭಯವಿಲ್ಲ. ಆದರೆ ಉಳಿಸುವುದು ಒಂದು ಗಳಿಗೆಯ ಕೆಲಸ. ಬಾವಿಗೆ ಬಿದ್ದ ಕರುವನ್ನು ಎತ್ತಿದವರು ಕರುವನ್ನು ತಮ್ಮ ಮನೆಗೆ ಹೊಡೆದುಕೊಂಡು ಹೋಗುವುದಿಲ್ಲ. ಉಳಿಸಿದ್ದು ಅದಕ್ಕಾಗಿ, ಇಟ್ಟುಕೊಳ್ಳುವುದು ನಮಗಾಗಿ. ಎರಡನೆಯದು ಪಾಪವೆಂದು ನಾನು ಹೇಳುತ್ತಿಲ್ಲ. ಎರಡಕ್ಕೂ ಒಂದೇ ಹೆಸರಿಡಬಾರದು ಎನ್ನುತ್ತಿದ್ದೇನೆ. ನನಗೆ ನೋಡಬೇಕೆಂಬ ಆಸೆಯಿದೆ ಎಂದು ಒಪ್ಪಿಕೊಂಡವನು ಆ ಆಸೆಗೆ ಮಿತಿ ಹಾಕಬಲ್ಲ. ನಾನು ಕಾಪಾಡುತ್ತಿದ್ದೇನೆ ಎಂದುಕೊಂಡವನಿಗೆ ಮಿತಿಯೇ ಕಾಣುವುದಿಲ್ಲ.

ಮುಂದಿನ ತೊಡಕು ಅನ್ನದ್ದು. ಮಕ್ಕಳು ಹುಟ್ಟಿದ ಮೇಲೆ ಗೂಡಿಗೆ ಸಿಹಿ ಬೇಕು, ಅದಕ್ಕೆ ಸಕ್ಕರೆ ನೀರು ಸಾಕು. ಹೊಲದಲ್ಲಿ ಗೊದ್ದಗಳು ಗಿಡದ ಹೇನಿನ ಸಿಹಿ ಸ್ರಾವವನ್ನು ಹೀರುವುದನ್ನು ರೈತರು ನೋಡಿರುತ್ತಾರೆ. ಆದರೆ ಮರಿಹುಳಗಳು ಬೆಳೆಯಲು ಹುಳುಹುಪ್ಪಟೆಯ ಸಾರವೂ ಬೇಕು. ಅದಕ್ಕಾಗಿ ಜಿರಲೆಯನ್ನೋ ಮಿಡತೆಯನ್ನೋ ಕೊಂದು ಹಾಕುವವರಿದ್ದಾರೆ. ಮೊದಲ ಶೀಲವನ್ನು ತೆಗೆದುಕೊಂಡ ನಾವು ಒಂದು ಜೀವದ ಮೇಲಿನ ಪ್ರೀತಿಗೆ ಇನ್ನೊಂದು ಜೀವವನ್ನು ತೆಗೆಯಬಹುದೇ?

ಈ ಪ್ರಶ್ನೆಯನ್ನು ಅಶೋಕ ಚಕ್ರವರ್ತಿ ಎತ್ತಿದ್ದ. ಪಟ್ಟಕ್ಕೆ ಬಂದ 26 ವರ್ಷಗಳ ನಂತರ ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯಿದೆ. ಗಿಳಿ, ಗೊರವಂಕ, ಬಾವಲಿಗಳ ಸಾಲಿನಲ್ಲಿ ಅಂಬಾಕಪೀಲಿಕಾ ಎಂಬ ಹೆಸರೂ ಬರುತ್ತದೆ. ವಿದ್ವಾಂಸರಲ್ಲಿ ಕೆಲವರು ಅದನ್ನು ತಾಯಿ ಇರುವೆ, ಅಂದರೆ ರಾಣಿ ಇರುವೆ ಎಂದು ಓದುತ್ತಾರೆ, ಕೆಲವರು ಮಾವಿನ ಮರದ ಇರುವೆ ಎನ್ನುತ್ತಾರೆ. ಯಾವುದೇ ಇರಲಿ, ಅಷ್ಟು ದೊಡ್ಡ ಸಾಮ್ರಾಜ್ಯದ ಆಜ್ಞೆಯಲ್ಲಿ ಇರುವೆಗೆ ಜಾಗ ಸಿಕ್ಕಿತು. ಜೀವಕ್ಕೆ ಜೀವವನ್ನೇ ಉಣಿಸಬಾರದು ಎಂಬ ಮಾತೂ ಅದೇ ಶಾಸನದಲ್ಲಿದೆ. ನಮ್ಮಿಂದ ವಾಯವ್ಯಕ್ಕಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅದೇ ಅಶೋಕನ ಕಿರು ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದರು. ಅಲ್ಲಿಯೂ ತಂದೆ ತಾಯಿ ಗುರುಗಳ ಗೌರವದ ಜೊತೆಗೇ ಪ್ರಾಣಿಗಳ ಮೇಲಿನ ದಯೆ ಗಟ್ಟಿಯಾಗಿರಬೇಕು ಎಂದಿದೆ. ದಯೆ ಇದ್ದರೆ ಸಾಲದು, ಗಟ್ಟಿಯಾಗಿರಬೇಕು. ಇವತ್ತು ಉಕ್ಕಿ ನಾಳೆ ಆರುವ ದಯೆ ಇರುವೆಗೂ ಸಾಲುವುದಿಲ್ಲ.

ಕೈಗೂಡುವ ದಾರಿಯೂ ಇದೆ. ಬೆಳಗಿನ ಹೊತ್ತು ಬೀದಿದೀಪದ ಕೆಳಗೆ ತಾವಾಗಿ ಸತ್ತು ಬಿದ್ದ ಹುಳ ಬೇಕಾದಷ್ಟಿರುತ್ತವೆ. ಗೊದ್ದವೂ ಹೊರಗೆ ಹೆಚ್ಚಾಗಿ ಇಂಥದ್ದನ್ನೇ ಹೊತ್ತೊಯ್ಯುವುದು. ಹೊಲಕ್ಕೆ ಔಷಧಿ ಹೊಡೆದ ಕಡೆಯದನ್ನು ಮಾತ್ರ ತರಬಾರದು. ದಿನಾ ಬೆಳಿಗ್ಗೆ ಎದ್ದು ಸತ್ತ ಹುಳ ಹುಡುಕುವ ತಾಳ್ಮೆ ಇಲ್ಲದಿದ್ದರೆ ಸಾಕುವ ಆಸೆಯನ್ನೇ ಬಿಡುವುದು ವಾಸಿ.

ಇನ್ನು ಹಣದ ಮಾತು. ಅಂಗುತ್ತರ ನಿಕಾಯದಲ್ಲಿ ಉಪಾಸಕರು ಮಾಡಬಾರದ ಐದು ವ್ಯಾಪಾರಗಳಿವೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಎರಡನೆಯದನ್ನು ಓದುವಾಗ ನಾವು ದನ, ಕುರಿ, ಮನುಷ್ಯರನ್ನು ನೆನೆಯುತ್ತೇವೆ. 2025ರ ಏಪ್ರಿಲ್‌ನಲ್ಲಿ ಕೀನ್ಯಾ ದೇಶದಲ್ಲಿ ಬೆಲ್ಜಿಯಂನ ಇಬ್ಬರು ಯುವಕರು ಸಿಕ್ಕಿಬಿದ್ದರು, ಇನ್ನೂ ಹದಿಹರೆಯದವರು. ಅವರ ಬಳಿ ಸುಮಾರು 5,000 ಇರುವೆಗಳಿದ್ದವು, ಹೆಚ್ಚಿನವು ರಾಣಿಗಳು. ಹತ್ತಿ ತುರುಕಿದ ಎರಡು ಸಾವಿರಕ್ಕೂ ಹೆಚ್ಚು ಪ್ರನಾಳಗಳಲ್ಲಿ ಅವನ್ನು ತುಂಬಿದ್ದರು. ಮೇ ತಿಂಗಳಲ್ಲಿ ನ್ಯಾಯಾಲಯ ತಲಾ ಹತ್ತು ಲಕ್ಷ ಕೀನ್ಯಾ ಶಿಲ್ಲಿಂಗ್ ದಂಡ, ತಪ್ಪಿದರೆ ಒಂದು ವರ್ಷ ಜೈಲು ಎಂದಿತು. ಅದೇ ಹತ್ತಿ, ಅದೇ ನೀರು, ಅದೇ ಗಾಜು. ನಮ್ಮ ಹುಡುಗನ ಜಾಮಿಟ್ರಿ ಬಾಕ್ಸಿಗೂ ಆ ಸಾವಿರಾರು ಪ್ರನಾಳಗಳಿಗೂ ನಡುವೆ ಇರುವುದು ಎಷ್ಟು ಸಾಕು ಎಂಬ ಅರಿವು ಮಾತ್ರ.

ದೂರದಿಂದ ಕೊಂಡು ತಂದ ಇರುವೆಗೆ ಇನ್ನೂ ಒಂದು ಕೇಡಿದೆ. ಅದನ್ನು ಹಿಂದಿರುಗಿಸಲು ಬರುವುದಿಲ್ಲ. ಪರಸ್ಥಳದ ಜಾತಿಯನ್ನು ಇಲ್ಲಿನ ಮಣ್ಣಿಗೆ ಬಿಟ್ಟರೆ ಇಲ್ಲಿನ ಜೀವಗಳಿಗೆ ಕಂಟಕವಾಗಬಹುದು. ನಮ್ಮ ಅಂಗಳದ ಗೊದ್ದವನ್ನಾದರೆ ಸಿಕ್ಕಿದ ಕಡೆಗೇ ಬಿಡಬಹುದು. ತಿರುಮಣಿಯವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಸುಮಾರು 13,000 ಎಕರೆಯ ಸೌರ ಪಾರ್ಕಿಗೆ ಇಲ್ಲಿನ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಲೆಕ್ಕದಿಂದ ಶುರುಮಾಡಿ ಗುತ್ತಿಗೆಗೆ ಕೊಟ್ಟರು. ಗುತ್ತಿಗೆ ಪಡೆದವನಿಗೆ ಬಳಸುವ ಹಕ್ಕಿದೆ, ಜೊತೆಗೆ ಅವಧಿಯಿದೆ, ಹಿಂದಿರುಗಿಸುವ ಹೊಣೆಯಿದೆ. ಜೀವವನ್ನು ಸಾಕುವವನದೂ ಗುತ್ತಿಗೆಯೇ, ಕ್ರಯಪತ್ರವಲ್ಲ.

ಆ ಅವಧಿ ಎಷ್ಟು? ಬಡಗಿ ಇರುವೆಯ ರಾಣಿ ಹತ್ತು ವರ್ಷ ಮೀರಿ ಬಾಳಬಲ್ಲದು. ಯುರೋಪಿನ ತೋಟದ ಕಪ್ಪಿರುವೆಯ ಒಂದು ರಾಣಿ ಸಾಕಿದವರ ಬಳಿ 28 ವರ್ಷಕ್ಕೂ ಹೆಚ್ಚು ಬದುಕಿದ್ದ ದಾಖಲೆಯಿದೆ. ಒಮ್ಮೆ ಕೂಡಿದ್ದರಿಂದಲೇ ರಾಣಿ ಅಷ್ಟೂ ವರ್ಷ ಮೊಟ್ಟೆಯಿಡುತ್ತದೆ. ಅದು ಸತ್ತರೆ ಗೂಡು ಮೆಲ್ಲಗೆ ಕರಗುತ್ತದೆ, ಇನ್ನೊಂದು ರಾಣಿಯನ್ನು ತಂದಿಟ್ಟರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಂದರೆ ಒಂದು ಸಂಜೆಯ ಕುತೂಹಲದಿಂದ ನಾವು ಹತ್ತು ವರ್ಷದ ಹೊಣೆಗೆ ಸಹಿ ಹಾಕುತ್ತಿದ್ದೇವೆ.

ಹುಡುಗನಿಗೆ ನಾನು ಬೇಡ ಎನ್ನಲಿಲ್ಲ. ಬೇಡ ಎಂದರೆ ಮಕ್ಕಳು ಮಾಡುವುದನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ. ಮೇಲೆ ಬರೆದ ಲೆಕ್ಕವನ್ನೆಲ್ಲ ಅವನ ಮುಂದಿಟ್ಟೆ. “ಹತ್ತು ವರ್ಷಾನಾ ಮಿಸ್?” ಎಂದು ಬೆರಳೆಣಿಸಿದ. ಹೈಸ್ಕೂಲಿಗೆ ಹಾಸ್ಟೆಲ್ ಸೇರಬೇಕು, ಆಮೇಲೆ ಕಾಲೇಜು. ಮನೆಯಲ್ಲಿ ನೋಡುವವರು ಅಜ್ಜಿ ಒಬ್ಬರೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇವಿನ ಮರದಾಚೆ ಒದ್ದೆ ನೆಲದಲ್ಲಿ ಬಾಕ್ಸ್ ತೆರೆದ. ರಾಣಿ ಒಂದು ಕಲ್ಲಿನ ಸಂದಿಗೆ ಹೋಯಿತು. ಅದು ಬದುಕಿತೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ತಿಳಿಯಲೇಬೇಕೆಂಬ ಹಟವನ್ನು ಬಿಡುವುದು ಅವನ ಆ ದಿನದ ಪಾಠವಾಗಿತ್ತು.

ಹಾಗಾದರೆ ಯಾರೂ ಸಾಕಬಾರದೇ? ಹಾಗೆನ್ನಲಾರೆ. ಹತ್ತಿರದಿಂದ ನೋಡಿದವನೇ ಮುಂದೆ ತುಳಿಯದೆ ನಡೆಯುವುದು. ಒಂದು ಗೊದ್ದ ತನ್ನ ಹೊಟ್ಟೆಯ ಸಂಗ್ರಹದಿಂದ ಇನ್ನೊಂದರ ಬಾಯಿಗೆ ಸಿಹಿ ಕೊಡುವುದನ್ನು ಒಮ್ಮೆ ಕಂಡ ಮಗು ಗೂಡಿಗೆ ಬಿಸಿನೀರು ಹೊಯ್ಯಲಾರದು. ಸಮಯವಿದ್ದವರು, ಇರುವ ಊರಲ್ಲೇ ಇರುವವರು, ತಮ್ಮ ಅಂಗಳದ ಒಂದೇ ಒಂದು ರಾಣಿಯನ್ನು ಕತ್ತಲೆ ಕೊಟ್ಟು, ಕಾದು, ಸಾಕಿದರೆ ಅದೂ ಒಂದು ಸಾಧನೆಯೇ. ಆದರೆ ಬೇವಿನ ಬುಡದಲ್ಲಿ ಈಗಾಗಲೇ ಒಂದು ಗೂಡಿದೆಯಲ್ಲ. ಮರದಿಂದ ಒಂದು ಮಾರು ದೂರ ಕೂತು ನೋಡಲು ಗಾಜು ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ಕನ್ನಡದಲ್ಲಿ ಸಾಕು ಎಂಬ ರೂಪ ಒಂದೇ, ಅರ್ಥ ಎರಡು. ಪೋಷಿಸು ಎಂಬುದು ಒಂದು, ಇಷ್ಟಕ್ಕೆ ನಿಲ್ಲಲಿ ಎಂಬುದು ಇನ್ನೊಂದು. ಮಗುವಾಗಲಿ, ಶಿಷ್ಯನಾಗಲಿ, ಕರುವಾಗಲಿ, ಗಾಜಿನೊಳಗಿನ ಇರುವೆಯಾಗಲಿ, ಎರಡನೆಯ ಸಾಕು ಕಲಿಯದವನಿಗೆ ಮೊದಲನೆಯದು ಕೈಹಿಡಿಯುವುದಿಲ್ಲ.

ಇಂದಿನ ಮನನಕ್ಕೆ: ನಾವು ಈಗ ಸಾಕುತ್ತಿರುವ ಜೀವಗಳಲ್ಲಿ ಯಾವುದರ ಬಟ್ಟೆಯನ್ನು ದಿನಕ್ಕೆ ಹತ್ತು ಸಲ ಸರಿಸಿ ನೋಡುತ್ತಿದ್ದೇವೆ? ಯಾವುದರ ನೀರು ಮುಗಿದದ್ದನ್ನು ನೋಡದೆ ಬಿಟ್ಟಿದ್ದೇವೆ? ಇವತ್ತು ಒಂದು ಕಡೆ ಕೈ ಹಿಂದೆಗೆಯೋಣ, ಒಂದು ಕಡೆ ನೀರು ತುಂಬೋಣ.

ಎಲ್ಲ ಜೀವಗಳಿಗೂ ಒಳಿತಾಗಲಿ. ಬಳಗದವರು ತಮ್ಮ ಅನಿಸಿಕೆಗಳನ್ನು ಸಂಜೆಯ ಓದಿನ ಹೊತ್ತಿಗೆ ಹಂಚಿಕೊಳ್ಳಿ.